ಹಜಾರದಲ್ಲಿ ಎರಡು ಗಿಟಾರ್: ಕಂಟ್ರಿ, ಅಮೆರಿಕಾನಾ ಹಾಡುಗಳ ಮನೆ ಕಚೇರಿ ಏರ್ಪಡಿಸುವ ಬಗೆ

ತಾವೇ ಬರೆದ ಹಾಡುಗಳನ್ನು ತಾವೇ ಹಾಡುವ ಇಬ್ಬರು, ಎರಡು ಅಕೂಸ್ಟಿಕ್ ಗಿಟಾರ್, ಮೂವತ್ತು ಮಂದಿ ಕೂರಬಹುದಾದ ಒಂದು ಹಜಾರ. ಅಮೆರಿಕದ ಕಂಟ್ರಿ ಮತ್ತು ಅಮೆರಿಕಾನಾ ಸಂಗೀತವನ್ನು ಹತ್ತಿರದಿಂದ ಕೇಳಲು ಇಷ್ಟು ಸಾಕು. ಈ ಸಂಗೀತವೆಂದರೆ ಕ್ರೀಡಾಂಗಣದ ಅಬ್ಬರ ಮತ್ತು ಬಣ್ಣದ ದೀಪಗಳು ಎಂದು ತಿಳಿದಿದ್ದ ಅನೇಕ ಕನ್ನಡಿಗ ಸ್ನೇಹಿತರು ನಮ್ಮ ಮನೆಯ ಸಂಗೀತ ಕಚೇರಿಗೆ ಮೊದಲ ಸಲ ಬಂದಾಗ, ಒಂದು ಹಾಡು ಮುಗಿದ ಮೇಲೂ ಚಪ್ಪಾಳೆ ತಟ್ಟಲು ಮರೆತು ಕುಳಿತದ್ದನ್ನು ನಾನು ಕಂಡಿದ್ದೇನೆ. ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ನಿಂದ ಅರ್ಧ ಗಂಟೆಯ ದಾರಿಯಲ್ಲಿರುವ ನಮ್ಮ ಮನೆಯಲ್ಲಿ ಆರು ವರ್ಷಗಳಿಂದ ವರ್ಷಕ್ಕೆ ಎರಡು ಬಾರಿ ಇಂಥ ಕಚೇರಿಗಳನ್ನು ನಡೆಸುತ್ತ ಬಂದಿದ್ದೇವೆ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಯಾರಿಗಾದರೂ ಇದನ್ನು ತಮ್ಮ ಮನೆಯಲ್ಲಿಯೂ ಮಾಡಬೇಕೆಂಬ ಆಸೆಯಿದ್ದರೆ, ಅವರಿಗೆ ಉಪಯೋಗವಾಗಲೆಂದು ನಾವು ಅನುಸರಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಮೊದಲೇ ಹೇಳಿಬಿಡಬೇಕಾದ ಮಾತೊಂದಿದೆ. ಈ ಸಂಗೀತದ ಜೀವವಿರುವುದು ಸಾಹಿತ್ಯದಲ್ಲಿ. ಸ್ವರಗಳು ಸರಳ; ಮೂರು ನಾಲ್ಕು ಸ್ವರಗುಚ್ಛಗಳಲ್ಲಿ, ಅಂದರೆ ಕಾರ್ಡ್‌ಗಳಲ್ಲಿ ಇಡೀ ಹಾಡು ಮುಗಿಯುತ್ತದೆ. ಆದರೆ ಮೂರನೆಯ ಚರಣದ ಒಂದೇ ಒಂದು ಪದ ಕೇಳಿಸದೆ ಹೋದರೂ ಹಾಡಿನ ಕಥೆಯೇ ಕೈತಪ್ಪುತ್ತದೆ. ಆದ್ದರಿಂದ ಕುರ್ಚಿ ಹಾಕುವುದರಿಂದ ಹಿಡಿದು ತಿಂಡಿ ಹಂಚುವ ತನಕ ಪ್ರತಿಯೊಂದು ನಿರ್ಧಾರವನ್ನೂ ಕೊನೆಯ ಸಾಲಿನಲ್ಲಿ ಕುಳಿತವರಿಗೆ ಸಾಹಿತ್ಯ ಸ್ಪಷ್ಟವಾಗಿ ಕೇಳಿಸುತ್ತದೆಯೇ ಎಂಬ ಒಂದೇ ಪ್ರಶ್ನೆಯಿಂದ ಅಳೆಯಬೇಕು.

ಸಂಗೀತದ ಪರಿಚಯ ಮಾಡಿಕೊಳ್ಳುವುದು

ಕಚೇರಿ ಏರ್ಪಡಿಸುವವರಿಗೆ ಈ ಹಾಡುಗಳ ಮೂಲದ ಬಗ್ಗೆ ಸ್ವಲ್ಪವಾದರೂ ತಿಳಿದಿರಬೇಕು, ಏಕೆಂದರೆ ಅತಿಥಿಗಳು ಕೇಳುವ ಮೊದಲ ಪ್ರಶ್ನೆಯೇ ಅದು. 1927ರ ಬೇಸಿಗೆಯಲ್ಲಿ ವಿಕ್ಟರ್ ಎಂಬ ರೆಕಾರ್ಡ್ ಕಂಪನಿಯ ಪರವಾಗಿ ರಾಲ್ಫ್ ಪೀರ್ ಎಂಬವರು ಟೆನೆಸಿ ಮತ್ತು ವರ್ಜೀನಿಯಾ ರಾಜ್ಯಗಳ ಗಡಿಯ ಮೇಲಿರುವ ಬ್ರಿಸ್ಟಲ್ ಪಟ್ಟಣದಲ್ಲಿ ಧ್ವನಿಮುದ್ರಣ ಯಂತ್ರಗಳೊಂದಿಗೆ ಬೀಡುಬಿಟ್ಟರು. ಅಲ್ಲಿಗೆ ಬಂದು ಹಾಡಿದವರಲ್ಲಿ ಕಾರ್ಟರ್ ಕುಟುಂಬದವರೂ ಜಿಮ್ಮಿ ರಾಡ್ಜರ್ಸ್ ಅವರೂ ಇದ್ದರು; ಕಂಟ್ರಿ ಸಂಗೀತದ ಚರಿತ್ರೆಯನ್ನು ಸಾಮಾನ್ಯವಾಗಿ ಅಲ್ಲಿಂದಲೇ ಹೇಳತೊಡಗುತ್ತಾರೆ. ಆದರೆ ಬೇರು ಅದಕ್ಕಿಂತ ಬಹಳ ಆಳದಲ್ಲಿದೆ. ಬ್ರಿಟನ್ ಮತ್ತು ಐರ್ಲೆಂಡಿನಿಂದ ಬಂದು ಅಪಲೇಚಿಯನ್ ಬೆಟ್ಟಗಳಲ್ಲಿ ನೆಲೆಸಿದವರ ಕಥನಗೀತೆಗಳು, ಚರ್ಚಿನ ಸ್ತುತಿಗೀತೆಗಳು, ಕಪ್ಪು ಜನರ ಬ್ಲೂಸ್, ಆಫ್ರಿಕದಿಂದ ಗುಲಾಮರಾಗಿ ಬಂದವರು ತಮ್ಮ ನೆನಪಿನಲ್ಲಿ ಹೊತ್ತು ತಂದ ಬ್ಯಾಂಜೋ ವಾದ್ಯ, ಇವೆಲ್ಲ ಸೇರಿ ಈ ಸಂಗೀತವಾಯಿತು. ಈ ಬೇರುಗಳಿಗೆ ಅಂಟಿಕೊಂಡು, ರೇಡಿಯೋ ಮಾರುಕಟ್ಟೆಯ ಕಂಟ್ರಿಗಿಂತ ಬೇರೆಯಾಗಿ ಬೆಳೆದ ಹಾಡುಗಾರಿಕೆಯನ್ನು 1990ರ ದಶಕದಿಂದ ಅಮೆರಿಕಾನಾ ಎಂದು ಕರೆಯತೊಡಗಿದರು. ಅಮೆರಿಕಾನಾ ಮ್ಯೂಸಿಕ್ ಅಸೋಸಿಯೇಷನ್ ಹುಟ್ಟಿದ್ದು 1999ರಲ್ಲಿ. ಅತ್ಯುತ್ತಮ ಅಮೆರಿಕಾನಾ ಆಲ್ಬಮ್‌ಗೆಂದು ಪ್ರತ್ಯೇಕ ಗ್ರ್ಯಾಮಿ ಪ್ರಶಸ್ತಿ ಬಂದದ್ದು 2010ರಲ್ಲಿ.

ಕನ್ನಡದ ಕೇಳುಗರಿಗೆ ನಾನು ಇದನ್ನು ಇನ್ನೊಂದು ರೀತಿಯಲ್ಲಿ ವಿವರಿಸುತ್ತೇನೆ. ನಮ್ಮ ಸುಗಮ ಸಂಗೀತದಲ್ಲಿ ಕವಿ ಒಬ್ಬರು, ರಾಗ ಸಂಯೋಜಕರು ಒಬ್ಬರು, ಹಾಡುವವರು ಮತ್ತೊಬ್ಬರು. ಇಲ್ಲಿ ಮೂವರೂ ಒಬ್ಬರೇ. ಆ ದೃಷ್ಟಿಯಿಂದ ಇವರು ಭಾವಗೀತೆಯ ಗಾಯಕರಿಗಿಂತ ನಮ್ಮ ದಾಸರಿಗೆ ಮತ್ತು ತತ್ವಪದಕಾರರಿಗೆ ಹೆಚ್ಚು ಹತ್ತಿರದವರು. ಆದರೆ ಇವರ ಹಾಡುಗಳಲ್ಲಿ ಅಂಕಿತವಿಲ್ಲ. ಆದ್ದರಿಂದ ಬೇರೊಬ್ಬರು ಬರೆದ ಹಾಡನ್ನು ಎತ್ತಿಕೊಂಡಾಗ ಹಾಡುಗಾರರು ಬರೆದವರ ಹೆಸರನ್ನು ಹೇಳಿಯೇ ಶುರುಮಾಡುತ್ತಾರೆ. ಇದು ಈ ವೃತ್ತಿಯ ಬಹಳ ಒಳ್ಳೆಯ ಸಂಪ್ರದಾಯ.

ಸಾಧ್ಯವಾದರೆ ಕಚೇರಿ ಏರ್ಪಡಿಸುವ ಮೊದಲು ಒಮ್ಮೆ ನ್ಯಾಶ್‌ವಿಲ್‌ನ ಬ್ಲೂಬರ್ಡ್ ಕೆಫೆಗೆ ಹೋಗಿ ಬನ್ನಿ. ಏಮಿ ಕರ್ಲೆಂಡ್ ಅವರು 1982ರಲ್ಲಿ ಅಂಗಡಿ ಸಾಲೊಂದರ ನಡುವೆ ತೆರೆದ ಈ ಪುಟ್ಟ ಜಾಗದಲ್ಲಿ ಇರುವುದು ಸುಮಾರು 90 ಆಸನಗಳು ಮಾತ್ರ. 1985ರಲ್ಲಿ ಟಾಮ್ ಸ್ಕೈಲರ್, ಫ್ರೆಡ್ ನಾಬ್ಲಾಕ್, ಡಾನ್ ಶ್ಲಿಟ್ಜ್, ಪಾಲ್ ಓವರ್‌ಸ್ಟ್ರೀಟ್ ಎಂಬ ನಾಲ್ವರು ಗೀತಕಾರರು ವೇದಿಕೆಯನ್ನು ಬಿಟ್ಟು ಕೋಣೆಯ ನಟ್ಟನಡುವೆ ಒಬ್ಬರಿಗೊಬ್ಬರು ಎದುರಾಗಿ ಕುಳಿತು, ಸರದಿಯ ಪ್ರಕಾರ ಒಂದೊಂದು ಹಾಡು ಹಾಡಿದರು. ಕೇಳುಗರು ಅವರ ಸುತ್ತ ಕುಳಿತರು. ಆ ಪದ್ಧತಿ ಅಲ್ಲಿ ಇಂದಿಗೂ ನಡೆಯುತ್ತಿದೆ. 2008ರಿಂದ ಈ ಜಾಗ ಗೀತಕಾರರ ಸಂಘದ ಒಡೆತನದಲ್ಲಿದೆ. ಹಾಡು ನಡೆಯುವಾಗ ಯಾರಾದರೂ ಮಾತಾಡಿದರೆ ಅಲ್ಲಿಯವರು ಮೃದುವಾಗಿಯೇ ಆದರೂ ಖಂಡಿತವಾಗಿ ಸುಮ್ಮನಿರಿಸುತ್ತಾರೆ. ಆ ಮೌನ ಎಂಥದೆಂದು ಒಮ್ಮೆ ಅನುಭವಿಸಿದರೆ ನಿಮ್ಮ ಮನೆಯಲ್ಲಿ ಏನನ್ನು ಸಾಧಿಸಬೇಕೆಂಬುದು ಹೇಳದೆಯೇ ತಿಳಿಯುತ್ತದೆ.

ಇಬ್ಬರನ್ನು ಆರಿಸುವುದು

ಇಬ್ಬರು ಹಾಡುಗಾರರ ಸಂಜೆಯನ್ನು ಮೂರು ರೀತಿಯಲ್ಲಿ ನಡೆಸಬಹುದು. ಒಬ್ಬರು ಮೊದಲರ್ಧ, ಇನ್ನೊಬ್ಬರು ಎರಡನೆಯ ಅರ್ಧ ಹಾಡುವುದು ಒಂದು. ಇಬ್ಬರೂ ಜೋಡಿಯಾಗಿಯೇ ಎಲ್ಲವನ್ನೂ ಹಾಡುವುದು ಇನ್ನೊಂದು. ಗಿಲಿಯನ್ ವೆಲ್ಚ್ ಮತ್ತು ಡೇವಿಡ್ ರಾಲಿಂಗ್ಸ್ ಅವರು ಎರಡೇ ಗಿಟಾರ್ ಮತ್ತು ಎರಡು ಕಂಠಗಳಿಂದ ಇಡೀ ಸಭಾಂಗಣವನ್ನು ತುಂಬುವುದು ಈ ರೀತಿಯಲ್ಲಿ. ಮೂರನೆಯದು ಇಬ್ಬರೂ ಅಕ್ಕಪಕ್ಕ ಕುಳಿತು ಸರದಿಯಲ್ಲಿ ಒಂದೊಂದು ಹಾಡು ಹಾಡುವುದು. ಮನೆ ಕಚೇರಿಗೆ ನಾನು ಹೆಚ್ಚು ಇಷ್ಟಪಡುವುದು ಈ ಮೂರನೆಯ ರೀತಿಯನ್ನೇ. ಒಬ್ಬರು ತೀರಿಕೊಂಡ ತಂದೆಯ ಹಳೆಯ ಟ್ರಕ್ಕಿನ ಬಗ್ಗೆ ಹಾಡಿದರೆ ಇನ್ನೊಬ್ಬರು ಆಗಲೇ ಯೋಚಿಸಿ ಆ ಭಾವಕ್ಕೆ ಉತ್ತರವಾಗುವ ಹಾಡನ್ನು ಎತ್ತಿಕೊಳ್ಳುತ್ತಾರೆ. ಮೊದಲೇ ಬರೆದಿಟ್ಟ ಪಟ್ಟಿ ಅಲ್ಲಿ ಉಳಿಯುವುದಿಲ್ಲ.

ಟೆಕ್ಸಸ್‌ನ ಲೈಲ್ ಲವೆಟ್ ಮತ್ತು ರಾಬರ್ಟ್ ಅರ್ಲ್ ಕೀನ್ ಅವರನ್ನು ನೋಡಿದರೆ ಈ ಬಗೆಯ ಜೋಡಿ ಹೇಗಿರಬೇಕೆಂದು ಗೊತ್ತಾಗುತ್ತದೆ. 1970ರ ದಶಕದಲ್ಲಿ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಕೀನ್ ಅವರ ಬಾಡಿಗೆ ಮನೆಯ ಜಗಲಿಯ ಮೇಲೆ ಇಬ್ಬರೂ ಕುಳಿತು ಹಾಡಿಕೊಳ್ಳುತ್ತಿದ್ದರು. ಆ ಜಗಲಿಯ ಬಗ್ಗೆಯೇ ಇಬ್ಬರೂ ಸೇರಿ ಒಂದು ಹಾಡು ಕಟ್ಟಿದರು. ಇಬ್ಬರಿಗೂ ಹೆಸರು ಬಂದು ದಶಕಗಳು ಕಳೆದ ಮೇಲೂ ಎರಡು ಕುರ್ಚಿ, ಎರಡು ಗಿಟಾರ್ ಹಿಡಿದು ಜೊತೆಯಾಗಿ ಪ್ರವಾಸ ಮಾಡಿದರು. ನೀವು ಕರೆಯುವ ಹಾಡುಗಾರರು ಇಷ್ಟು ಹಳೆಯ ಸ್ನೇಹಿತರಾಗಿರಬೇಕಿಲ್ಲ, ಆದರೆ ಒಬ್ಬರ ಹಾಡು ಇನ್ನೊಬ್ಬರಿಗೆ ನಿಜವಾಗಿ ಇಷ್ಟವಾಗಿರಬೇಕು. ಆದ್ದರಿಂದ ಒಬ್ಬರನ್ನು ಮೊದಲು ಒಪ್ಪಿಸಿ, ಜೊತೆಗೆ ಯಾರು ಬಂದರೆ ಚೆನ್ನ ಎಂದು ಅವರನ್ನೇ ಕೇಳಿ. ಕಂಠಗಳು ಬೇರೆ ಬೇರೆ ಬಗೆಯವಾಗಿದ್ದರೆ, ಉದಾಹರಣೆಗೆ ಒಂದು ಗಡಸಾಗಿ ಇನ್ನೊಂದು ತಿಳಿಯಾಗಿದ್ದರೆ, ಎರಡು ಗಂಟೆಯ ಕಚೇರಿ ಕಿವಿಗೆ ಬೇಸರವಾಗುವುದಿಲ್ಲ.

ಹಾಡುಗಾರರಿಗೆ ಮೂರರಿಂದ ಆರು ತಿಂಗಳು ಮುಂಚೆಯೇ ಬರೆಯಬೇಕು. ಅವರ ಪ್ರವಾಸದ ದಾರಿಯನ್ನು ನೋಡಿ ಬರೆದರೆ ಒಪ್ಪಿಗೆ ಸುಲಭವಾಗಿ ಸಿಗುತ್ತದೆ. ಶುಕ್ರವಾರ ನ್ಯಾಶ್‌ವಿಲ್‌ನಲ್ಲೋ ಶನಿವಾರ ಅಟ್ಲಾಂಟಾದಲ್ಲೋ ಕಾರ್ಯಕ್ರಮವಿರುವವರಿಗೆ ಗುರುವಾರ ಸಂಜೆ ದಾರಿಯಲ್ಲಿ ಸಿಗುವ ಒಂದು ಮನೆ ಕಚೇರಿ, ಊಟ ಮತ್ತು ಮಲಗಲು ಕೋಣೆ ನಿಜವಾದ ನೆರವು. ಈ ಎರಡು ನಗರಗಳ ನಡುವೆ ಸುಮಾರು 250 ಮೈಲಿ ದೂರವಿದೆ. ನಡುವಿನ ಊರುಗಳಲ್ಲಿರುವ ಕನ್ನಡಿಗರು ಇದನ್ನು ಗಮನಿಸಬೇಕು.

ಹಣ ಮತ್ತು ಕಾನೂನು

ಮನೆ ಕಚೇರಿಯಿಂದ ಆತಿಥೇಯರು ಒಂದು ಡಾಲರ್ ಕೂಡ ಇಟ್ಟುಕೊಳ್ಳಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ನಾವು ಒಬ್ಬೊಬ್ಬರಿಗೆ 20 ಡಾಲರ್ ಕಾಣಿಕೆಯನ್ನು ಸೂಚಿಸುತ್ತೇವೆ. ಮೂವತ್ತು ಮಂದಿ ಬಂದರೆ 600 ಡಾಲರ್, ಇಬ್ಬರಿಗೆ ತಲಾ 300. ಬಾಗಿಲ ಬಳಿ ಒಂದು ಬುಟ್ಟಿ ಮತ್ತು ಹಾಡುಗಾರರ ಖಾತೆಗೇ ನೇರವಾಗಿ ಹಣ ಹೋಗುವ ಒಂದು ಕ್ಯೂಆರ್ ಚೀಟಿ ಇಟ್ಟರೆ ಸಾಕು. ಜೊತೆಗೆ ಕನಿಷ್ಠ ಇಷ್ಟು ಕೊಡುತ್ತೇವೆ ಎಂದು ಮೊದಲೇ ಬರೆದು ತಿಳಿಸಿ, ಜನ ಕಡಿಮೆ ಬಂದ ದಿನ ಆ ಕೊರತೆಯನ್ನು ನೀವೇ ತುಂಬಿಕೊಡಬೇಕು. ಮಂಜು ಬಿದ್ದು ಹನ್ನೊಂದೇ ಮಂದಿ ಬಂದ ಸಂಜೆಯಲ್ಲಿ ನಾವು ಹಾಗೆ ಮಾಡಿದ್ದೇವೆ.

ಕಾನೂನಿನ ವಿಷಯದಲ್ಲಿ ಮುಖ್ಯವಾದ ಅಂಶವೆಂದರೆ ಕಚೇರಿ ಖಾಸಗಿಯಾಗಿರಬೇಕು. ಅಮೆರಿಕದ ಕೃತಿಸ್ವಾಮ್ಯ ಕಾನೂನಿನ ಪ್ರಕಾರ, ಒಂದು ಕುಟುಂಬ ಮತ್ತು ಅದರ ಪರಿಚಿತರ ಸಾಮಾನ್ಯ ವಲಯದ ಆಚೆಗಿನವರು ಗಣನೀಯ ಸಂಖ್ಯೆಯಲ್ಲಿ ಸೇರಿದರೆ ಅದು ಸಾರ್ವಜನಿಕ ಪ್ರದರ್ಶನವೆನಿಸಿಕೊಳ್ಳುತ್ತದೆ. ಸಾರ್ವಜನಿಕ ಪ್ರದರ್ಶನವಾದರೆ ಗೀತಕಾರರ ಪರವಾಗಿ ಶುಲ್ಕ ಸಂಗ್ರಹಿಸುವ ಆಸ್ಕ್ಯಾಪ್, ಬಿಎಂಐ ಮುಂತಾದ ಸಂಸ್ಥೆಗಳ ಪರವಾನಗಿಯ ಪ್ರಶ್ನೆ ಬರುತ್ತದೆ. ಆದ್ದರಿಂದ ಯಾರು ಬೇಕಾದರೂ ಬರಬಹುದೆಂದು ಜಾಲತಾಣಗಳಲ್ಲಿ ಪ್ರಕಟಣೆ ಹಾಕಬೇಡಿ, ಮನೆಯ ವಿಳಾಸವನ್ನಂತೂ ಹಾಕಲೇಬೇಡಿ. ಪರಿಚಿತರಿಗೆ ಹೆಸರು ಹಿಡಿದು ಆಹ್ವಾನ ಕಳಿಸಿ. ಪರವಾನಗಿಯಿಲ್ಲದೆ ಮದ್ಯ ಮಾರುವಂತಿಲ್ಲ ಎಂಬುದನ್ನೂ ನೆನಪಿಡಬೇಕು. ಬಡಾವಣೆಯ ಸಂಘದ ನಿಯಮಗಳನ್ನು ಒಮ್ಮೆ ಓದಿ, ಅಕ್ಕಪಕ್ಕದ ಮನೆಯವರಿಗೆ ಕಾರುಗಳು ಬರುತ್ತವೆಂದು ಮುಂಚೆಯೇ ತಿಳಿಸಿ, ಅವರನ್ನೂ ಕರೆಯಿರಿ. ನಮ್ಮ ಎಡಗಡೆ ಮನೆಯ ಹಿರಿಯರು ಈಗ ಪ್ರತಿ ಸಲವೂ ಮುಂದಿನ ಸಾಲಿನಲ್ಲಿಯೇ ಕೂರುತ್ತಾರೆ.

ಕೋಣೆಯನ್ನು ಅಣಿಗೊಳಿಸುವುದು

ಇದು ಅತ್ಯಂತ ಮುಖ್ಯವಾದ ಹಂತ, ಇದಕ್ಕೆ ಒಂದು ಇಡೀ ದಿನ ಬೇಕು. ಮೊದಲು ಹಾಡುಗಾರರು ಕೂರುವ ಜಾಗವನ್ನು ಗೊತ್ತುಮಾಡಿ. ಕೋಣೆಯ ಉದ್ದನೆಯ ಗೋಡೆಯ ನಡುವೆ ಅವರನ್ನು ಕೂರಿಸಿ ಕೇಳುಗರನ್ನು ಅರ್ಧಚಂದ್ರಾಕಾರದಲ್ಲಿ ಕೂರಿಸಿದರೆ, ಯಾರೂ ಮೂರು ಸಾಲಿಗಿಂತ ಹಿಂದೆ ಹೋಗುವುದಿಲ್ಲ. ಉದ್ದ ಕೋಣೆಯ ಒಂದು ತುದಿಯಲ್ಲಿ ಹಾಡುಗಾರರನ್ನು ಕೂರಿಸಿದರೆ ಹಿಂದಿನವರಿಗೆ ಮುಖವೂ ಕಾಣಿಸದು, ಮಾತೂ ಕೇಳಿಸದು. ಹಾಡುಗಾರರ ಬೆನ್ನ ಹಿಂದೆ ಗಾಜಿನ ಕಿಟಕಿ ಇರಬಾರದು. ಇದ್ದರೆ ದಪ್ಪ ಪರದೆ ಇಳಿಬಿಡಿ. ನೆಲದ ಮೇಲೆ ಜಮಖಾನೆ ಹಾಸಿ, ಏಕೆಂದರೆ ಬರಿಯ ಮರದ ನೆಲದಲ್ಲಿ ಗಿಟಾರ್ ನಾದ ಪ್ರತಿಧ್ವನಿಸಿ ಮಾತನ್ನು ಮುಚ್ಚಿಬಿಡುತ್ತದೆ.

ಹಾಡುಗಾರರ ಕುರ್ಚಿಗಳಿಗೆ ತೋಳುಗಳಿರಬಾರದು. ತೋಳಿರುವ ಕುರ್ಚಿಯಲ್ಲಿ ಗಿಟಾರ್ ಹಿಡಿದು ಕೂರಲು ಆಗುವುದೇ ಇಲ್ಲ. ನಮ್ಮ ಮೊದಲ ಕಚೇರಿಯ ದಿನ ನಾನು ಮನೆಯಲ್ಲಿದ್ದ ಅತ್ಯಂತ ಚೆಂದದ, ತೋಳುಗಳಿರುವ ಎರಡು ಕುರ್ಚಿಗಳನ್ನು ಒರೆಸಿ ಇಟ್ಟಿದ್ದೆ. ಹಾಡುಗಾರರು ಬಂದವರೇ ಅಡುಗೆಮನೆಯಿಂದ ಊಟದ ಮೇಜಿನ ಕುರ್ಚಿಗಳನ್ನು ತಂದುಕೊಂಡರು. ಎರಡು ಕುರ್ಚಿಗಳನ್ನು ಸ್ವಲ್ಪ ಓರೆಯಾಗಿ, ಒಬ್ಬರ ಎಡಗೈ ಇನ್ನೊಬ್ಬರಿಗೆ ಕಾಣುವಂತೆ ಇಡಬೇಕು. ಯಾವ ಕಾರ್ಡ್ ಹಿಡಿದಿದ್ದಾರೆ ಎಂಬುದನ್ನು ನೋಡಿಯೇ ಇನ್ನೊಬ್ಬರು ಜೊತೆಗೂಡುವುದು. ಇಬ್ಬರ ನಡುವೆ ಒಂದು ಸಣ್ಣ ಮೇಜು, ಅದರ ಮೇಲೆ ತಣ್ಣಗಿಲ್ಲದ ನೀರು, ಶ್ರುತಿ ಏರಿಸಲು ಗಿಟಾರಿನ ಕುತ್ತಿಗೆಗೆ ಬಿಗಿಯುವ ಕೇಪೋ ಎಂಬ ಪಟ್ಟಿ, ಶ್ರುತಿ ನೋಡುವ ಸಾಧನ, ಮಡಚಿದ ಒಂದು ಬಟ್ಟೆ. ದೀಪ ಹಾಡುಗಾರರ ಮುಂದಿನಿಂದ ಪಕ್ಕಕ್ಕೆ ಬೀಳಲಿ, ಹಿಂದಿನಿಂದ ಬೇಡ.

ಇನ್ನು ಮನೆಯ ಸದ್ದುಗಳು. ಪ್ರತಿದಿನ ಅಲ್ಲಿಯೇ ಬಾಳುವ ನಮಗೆ ಅವು ಕೇಳಿಸುವುದೇ ಇಲ್ಲ. ಆದ್ದರಿಂದ ಹಿಂದಿನ ರಾತ್ರಿ ಎಲ್ಲರೂ ಮಲಗಿದ ಮೇಲೆ ಹಜಾರದಲ್ಲಿ ಐದು ನಿಮಿಷ ಕಣ್ಣು ಮುಚ್ಚಿ ಕುಳಿತು ಏನೇನು ಕೇಳಿಸುತ್ತದೆ ಎಂದು ಬರೆದುಕೊಳ್ಳಿ. ಫ್ರಿಜ್‌ನ ಗುಂಯ್‌ಗುಡುವಿಕೆ, ಗೋಡೆ ಗಡಿಯಾರ, ಮೀನಿನ ತೊಟ್ಟಿಯ ಪಂಪು, ಫ್ಯಾನು. ಫ್ರಿಜ್ಜನ್ನು ಎರಡು ಗಂಟೆ ಆರಿಸಿದರೆ, ಬಾಗಿಲು ತೆರೆಯದಿರುವ ತನಕ ಒಳಗಿನ ಪದಾರ್ಥಕ್ಕೆ ಏನೂ ಆಗುವುದಿಲ್ಲ. ಮತ್ತೆ ಹಚ್ಚುವುದು ಮರೆಯಬಾರದೆಂದು ನಿಮ್ಮ ಕಾರಿನ ಕೀಲಿಯನ್ನು ಆ ಫ್ರಿಜ್ಜಿನೊಳಗೇ ಇಡಿ. ಧ್ವನಿಮುದ್ರಣದ ಕೆಲಸ ಮಾಡುವವರೊಬ್ಬರು ಹೇಳಿಕೊಟ್ಟ ಈ ಉಪಾಯ ಎಂದೂ ತಪ್ಪಿಲ್ಲ.

ಹೀಟರಿನ ವಿಷಯದಲ್ಲಿ ನಾನು ಒಮ್ಮೆ ಎಚ್ಚರ ತಪ್ಪಿದ್ದೆ. ಜನವರಿಯ ಆ ಸಂಜೆ ಹಾಡುತ್ತಿದ್ದ ಹೆಣ್ಣುಮಗಳು ಕೊನೆಯ ಚರಣಕ್ಕೆ ಬರುವ ಹೊತ್ತಿಗೆ ದನಿಯನ್ನು ಇಳಿಸಿ ಇಳಿಸಿ ಬರಿಯ ಮಾತಿನ ಮಟ್ಟಕ್ಕೆ ತಂದಿದ್ದರು, ಬೆರಳು ಒಂದೇ ತಂತಿಯ ಮೇಲಿತ್ತು. ಸರಿಯಾಗಿ ಆಗಲೇ ಗೋಡೆಯ ಜಾಲರಿಯಿಂದ ಗಾಳಿ ಭರ್ರೆಂದು ಬೀಸತೊಡಗಿತು. ಅವರು ನಿಲ್ಲಿಸಲಿಲ್ಲ, ಹಾಡನ್ನು ಮುಗಿಸಿದರು, ಆದರೆ ಆ ಹಾಡಿನ ಕೊನೆಯ ಸಾಲು ಏನೆಂದು ಆ ದಿನ ಮುಂದಿನ ಸಾಲಿನವರನ್ನು ಬಿಟ್ಟು ಯಾರಿಗೂ ತಿಳಿಯಲಿಲ್ಲ. ಅಂದಿನಿಂದ ಅರ್ಧ ಗಂಟೆ ಮೊದಲೇ ಕೋಣೆಯನ್ನು ಬೆಚ್ಚಗೆ ಮಾಡಿ, ಹಾಡು ಶುರುವಾಗುವ ಮುನ್ನ ಹೀಟರ್ ಆರಿಸುತ್ತೇನೆ. ಸುಮ್ಮನೆ ಕುಳಿತ ಒಬ್ಬ ಮನುಷ್ಯನ ದೇಹದಿಂದ ಸುಮಾರು 100 ವ್ಯಾಟ್ ಶಾಖ ಹೊರಬರುತ್ತದೆ. ಮೂವತ್ತು ಮಂದಿ ಎಂದರೆ ಮೂರು ಕಿಲೋವ್ಯಾಟ್. ಕೋಣೆ ತಾನೇ ಬೆಚ್ಚಗಿರುತ್ತದೆ.

ಹೀಟರ್ ಓಡುವ ಚಳಿಗಾಲದ ಮನೆಯಲ್ಲಿ ಗಾಳಿ ಬಹಳ ಒಣಗಿರುತ್ತದೆ, ಮರದ ಗಿಟಾರಿಗೆ ಅದು ಅಪಾಯ. ತೇವಾಂಶ 45ರಿಂದ 55 ಪ್ರತಿಶತದ ನಡುವೆ ಇದ್ದರೆ ಮರ ಬಿರಿಯುವುದಿಲ್ಲ, ಶ್ರುತಿಯೂ ನಿಲ್ಲುತ್ತದೆ. ಹಾಡುಗಾರರು ಬರುವ ಹಿಂದಿನ ದಿನದಿಂದಲೇ ತೇವ ಹೆಚ್ಚಿಸುವ ಯಂತ್ರ ಓಡಿಸಿ, ಕಚೇರಿಯ ಸಮಯದಲ್ಲಿ ನಿಲ್ಲಿಸಿ. ಗಿಟಾರ್‌ಗಳನ್ನು ರಾತ್ರಿ ಕಾರಿನಲ್ಲಿ ಬಿಡಲು ಮಾತ್ರ ಅವರಿಗೆ ಅವಕಾಶ ಕೊಡಬೇಡಿ.

ಮೈಕ್ ಬೇಕೇ?

ಮೂವತ್ತೈದು ಮಂದಿಯ ತನಕ ಬೇಡ. ಬೇಕೋ ಬೇಡವೋ ಎಂದು ತಿಳಿಯಲು ಸುಲಭವಾದ ಪರೀಕ್ಷೆಯಿದೆ. ಹಾಡುಗಾರರ ಕುರ್ಚಿಯಲ್ಲಿ ಒಬ್ಬರು ಕುಳಿತು ಯಾವುದಾದರೂ ಕವಿತೆಯನ್ನು ಮೆಲುದನಿಯಲ್ಲಿ ಓದಲಿ, ಇನ್ನೊಬ್ಬರು ಕೊನೆಯ ಸಾಲಿನಲ್ಲಿ ಕುಳಿತು ಕೇಳಲಿ. ಸ್ವರಾಕ್ಷರಗಳು ಹೇಗೂ ಬಂದು ಮುಟ್ಟುತ್ತವೆ. ಸ, ಶ, ತ, ಪ ಎಂಬಂಥ ವ್ಯಂಜನಗಳು ಬಿಡಿಬಿಡಿಯಾಗಿ ಕೇಳಿಸುತ್ತವೆಯೇ ಎಂದು ನೋಡಿ. ಕೇಳಿಸಿದರೆ ಕೋಣೆ ಸರಿಯಿದೆ.

ಚಿಕ್ಕ ಕೋಣೆಯಲ್ಲಿ ನಿಜವಾದ ತೊಡಕು ಕಂಠ ಸಣ್ಣದಾಗುವುದಲ್ಲ, ಗಿಟಾರ್ ದೊಡ್ಡದಾಗುವುದು. ಮಾರ್ಟಿನ್ ಕಂಪನಿ 1931ರಲ್ಲಿ ತನ್ನ ಹೆಸರಿನಲ್ಲಿ ಹೊರತಂದ, ಬ್ರಿಟಿಷ್ ಯುದ್ಧನೌಕೆಯ ಹೆಸರು ಹೊತ್ತ ಡ್ರೆಡ್‌ನಾಟ್ ಎಂಬ ಅಗಲ ಮೈಯ ಗಿಟಾರನ್ನೇ ಕಂಟ್ರಿ ಹಾಡುಗಾರರಲ್ಲಿ ಬಹುಪಾಲು ಜನ ಹಿಡಿಯುತ್ತಾರೆ. ಅದರ ಮಂದ್ರ ನಾದ ಘನವಾದದ್ದು, ತಂತಿ ಮೀಟುವ ಸಣ್ಣ ಬಿಲ್ಲೆಯಾದ ಪ್ಲೆಕ್ಟ್ರಮ್ ಹಿಡಿದು ಬಾರಿಸಿದರೆ ಮಾತು ಮುಳುಗುತ್ತದೆ. ಸಣ್ಣ ಮೈಯ ಗಿಟಾರ್ ಇದ್ದರೆ ಅದನ್ನೂ ತನ್ನಿ ಎಂದು ಮೊದಲೇ ಕೋರಬಹುದು, ಅಥವಾ ಬೆರಳಿನಲ್ಲಿ ಮೀಟುವ ಹಾಡುಗಳನ್ನು ಹೆಚ್ಚು ಆರಿಸಿಕೊಳ್ಳಲು ಹೇಳಬಹುದು. ಜನ ನಲವತ್ತು ದಾಟಿದರೆ, ಇಬ್ಬರ ನಡುವೆ ಎತ್ತರದಲ್ಲಿ ಸೂಕ್ಷ್ಮ ದನಿಯನ್ನೂ ಹಿಡಿಯುವ ಒಂದೇ ಒಂದು ಒಳ್ಳೆಯ ಕಂಡೆನ್ಸರ್ ಮೈಕ್ ಮತ್ತು ಒಂದು ಸಣ್ಣ ಸ್ಪೀಕರ್ ಸಾಕು. ಹಳೆಯ ರೇಡಿಯೋ ದಿನಗಳ ಹಾಗೆ ಹಾಡುಗಾರರೇ ಮೈಕಿಗೆ ಹತ್ತಿರ ಬಾಗಿ, ದೂರ ಸರಿದು ಸಮತೋಲನ ಮಾಡಿಕೊಳ್ಳುತ್ತಾರೆ.

ಅತಿಥಿಗಳಿಗೆ ಮುಂಚೆಯೇ ತಿಳಿಸುವುದು

ನಮ್ಮವರು ಮನೆಗೆ ಕರೆದರೆ ಮಾತಾಡಲು ಕರೆದಿದ್ದಾರೆಂದೇ ಭಾವಿಸಿ ಬರುತ್ತಾರೆ. ಅದು ಸಹಜ, ಅದರಲ್ಲಿ ತಪ್ಪಿಲ್ಲ. ಆದ್ದರಿಂದ ಆಹ್ವಾನದಲ್ಲಿಯೇ ಇದು ಕಚೇರಿ, ಹಾಡು ನಡೆಯುವಾಗ ಪೂರ್ಣ ಮೌನವಿರಬೇಕು ಎಂದು ಬರೆಯಿರಿ. ಬಾಗಿಲು ಆರೂವರೆಗೆ ತೆರೆಯುತ್ತದೆ, ಏಳೂಕಾಲಿಗೆ ಹಾಡು ಶುರು, ತಡವಾಗಿ ಬಂದವರು ಒಂದು ಹಾಡು ಮುಗಿದು ಚಪ್ಪಾಳೆ ಬೀಳುವ ತನಕ ಹೊರಗೆ ಕಾಯಬೇಕಾಗುತ್ತದೆ ಎಂದೂ ತಿಳಿಸಿ. ಅವರು ಕಾಯುವಾಗ ಬಾಗಿಲ ಬಳಿ ಮನೆಯವರೊಬ್ಬರು ನಿಂತಿರಲಿ, ಕರೆಗಂಟೆಯ ತಂತಿ ಕಳಚಿರಲಿ. ಎಂಟು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಮಹಡಿಯ ಮೇಲೆ ಬೇರೆ ವ್ಯವಸ್ಥೆ ಮಾಡಿ, ನೋಡಿಕೊಳ್ಳಲು ಯಾರನ್ನಾದರೂ ಗೊತ್ತುಮಾಡಿ. ಎಳೆಯ ಮಕ್ಕಳ ತಾಯಂದಿರೂ ನೆಮ್ಮದಿಯಿಂದ ಕೂತು ಕೇಳುವಂತಾಗಬೇಕು.

ದಕ್ಷಿಣದ ರಾಜ್ಯಗಳವರ ಇಂಗ್ಲಿಷ್ ಉಚ್ಚಾರಣೆ ಮೊದಲ ಸಲ ಕೇಳುವವರಿಗೆ ಕಷ್ಟವಾಗಬಹುದು. ಊರಿನಿಂದ ಬಂದಿದ್ದ ನನ್ನ ಅಮ್ಮನಿಗಾಗಿ ಒಮ್ಮೆ ನಾನು ನಾಲ್ಕು ಹಾಡುಗಳ ಕಥೆಯನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದೆ. ಅಕ್ಕಪಕ್ಕದವರೆಲ್ಲ ಅದನ್ನು ಕೇಳಿ ಪಡೆದರು. ಈಗ ಹಾಡುಗಾರರಿಂದ ಐದಾರು ಹಾಡುಗಳ ಹೆಸರನ್ನು ಮೊದಲೇ ತರಿಸಿಕೊಂಡು, ಎರಡೆರಡು ಸಾಲಿನ ಸಾರಾಂಶ ಬರೆದು ಕುರ್ಚಿಗಳ ಮೇಲೆ ಇಡುತ್ತೇವೆ. ಹಾಡಿನ ಕೊನೆಯ ತಿರುವನ್ನು ಮಾತ್ರ ಅದರಲ್ಲಿ ಬಿಟ್ಟುಕೊಡುವುದಿಲ್ಲ. ಅದನ್ನು ಹಾಡಿನಲ್ಲಿಯೇ ಕೇಳಬೇಕು.

ತಿಂಡಿಯ ಬಗ್ಗೆ ಒಂದು ಎಚ್ಚರಿಕೆ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಮೊದಲಾದ ಗರಿಗರಿ ತಿಂಡಿಗಳನ್ನು ವಿರಾಮಕ್ಕೆ ಮುಂಚೆ ಹೊರಗೆ ತೆಗೆಯಲೇಬೇಡಿ. ಆ ಮೌನದಲ್ಲಿ ಒಂದು ಚಕ್ಕುಲಿ ಮುರಿದ ಸದ್ದು ಇಡೀ ಕೋಣೆಗೆ ಕೇಳಿಸುತ್ತದೆ. ರವೆ ಉಂಡೆಯೋ ಮೈಸೂರು ಪಾಕೋ ಆದರೆ ಚಿಂತೆಯಿಲ್ಲ. ಹಾಡುಗಾರರಿಗೆ ಕಚೇರಿಗೆ ಎರಡು ಗಂಟೆ ಮೊದಲು ಹಗುರವಾದ, ಖಾರವಿಲ್ಲದ ಊಟ ಕೊಡಿ; ನಮ್ಮ ಅಡುಗೆಯ ನಿಜವಾದ ರುಚಿಯನ್ನು ಕಚೇರಿ ಮುಗಿದ ಮೇಲೆ ತೋರಿಸಬಹುದು.

ಕಚೇರಿಯ ಸಂಜೆ

ನಲವತ್ತೈದು ನಿಮಿಷದ ಎರಡು ಭಾಗಗಳು, ನಡುವೆ ಇಪ್ಪತ್ತೈದು ನಿಮಿಷದ ವಿರಾಮ, ಇದು ಒಳ್ಳೆಯ ಅಳತೆ. ಸ್ವಾಗತ ಭಾಷಣ ಎರಡು ನಿಮಿಷ ಮೀರಬಾರದು: ಹಾಡುಗಾರರ ಹೆಸರು, ಫೋನುಗಳನ್ನು ಆರಿಸಬೇಕೆಂಬ ಕೋರಿಕೆ, ಬುಟ್ಟಿ ಎಲ್ಲಿದೆ ಎಂಬ ಸೂಚನೆ, ಇಷ್ಟೇ. ಶಾಲು, ಹಾರ, ನೆನಪಿನ ಕಾಣಿಕೆಗಳನ್ನು ಕೊನೆಗೆ ಇಟ್ಟುಕೊಳ್ಳಿ. ಇನ್ನೂ ಧ್ವನಿಮುದ್ರಣವಾಗದ ಹೊಸ ಹಾಡುಗಳನ್ನು ಅವರು ಇಂಥ ಜಾಗದಲ್ಲಿಯೇ ಮೊದಲು ಹಾಡಿ ನೋಡುವುದರಿಂದ, ಅನುಮತಿಯಿಲ್ಲದೆ ವಿಡಿಯೋ ಮಾಡುವುದನ್ನು ಖಂಡಿತವಾಗಿ ತಡೆಯಬೇಕು.

ಹಾಡು ಶುರುವಾದ ಮೇಲೆ ಆತಿಥೇಯರು ಮಾಡಬೇಕಾದ ಕೆಲಸವೆಂದರೆ ಕೂತು ಕೇಳುವುದು. ನೀವು ಎದ್ದು ಓಡಾಡಿದರೆ ಎಲ್ಲರ ಕಣ್ಣೂ ನಿಮ್ಮ ಹಿಂದೆ ಬರುತ್ತದೆ. ಹತ್ತಿರ ಕುಳಿತವರಿಗೆ ನೋಡಲು ಬಹಳಷ್ಟಿದೆ. ಕಳೆದ ಅಕ್ಟೋಬರಿನ ಕಚೇರಿಯಲ್ಲಿ ಗೆಳೆಯನಿಗೆ ಗೊತ್ತಿಲ್ಲದ ಒಂದು ಹೊಸ ಹಾಡನ್ನು ಹಾಡುತ್ತಿದ್ದವರು, ಪಲ್ಲವಿ ಬರುವ ಮುನ್ನ ಬಲಗೈಯನ್ನು ತಂತಿಯಿಂದ ಅರೆಕ್ಷಣ ಎತ್ತಿ ನಾಲ್ಕು ಬೆರಳುಗಳನ್ನು ತೋರಿಸಿದರು. ಪಕ್ಕದವರು ತಲೆಯಾಡಿಸಿ ಕೂಡಲೇ ಕಾರ್ಡ್ ಬದಲಿಸಿದರು. ಸ್ವಲ್ಪ ಹೊತ್ತಿಗೆ ಐದು ಬೆರಳು, ಮತ್ತೆ ಒಂದು. ಇದು ನ್ಯಾಶ್‌ವಿಲ್‌ನ ಸ್ಟುಡಿಯೋಗಳಲ್ಲಿ 1950ರ ದಶಕದ ಕೊನೆಯಿಂದ ಬಳಕೆಯಲ್ಲಿರುವ ಸಂಖ್ಯಾ ಪದ್ಧತಿ. ಜಾರ್ಡನೇರ್ಸ್ ಎಂಬ ಗಾಯನ ತಂಡದ ನೀಲ್ ಮ್ಯಾಥ್ಯೂಸ್ ಅವರು ಇದನ್ನು ರೂಪಿಸಿದರೆನ್ನುತ್ತಾರೆ. ಕಾರ್ಡ್‌ಗಳನ್ನು ಅಕ್ಷರಗಳಿಂದ ಹೆಸರಿಸದೆ, ಆಧಾರ ಸ್ವರದಿಂದ ಎಷ್ಟನೆಯದೆಂದು ಎಣಿಸುವುದೇ ಇದರ ಗುಟ್ಟು. ಸಂಗೀತ ಕಲಿತ ಕನ್ನಡಿಗರಿಗೆ ಇದು ಕೂಡಲೇ ಅರ್ಥವಾಗುತ್ತದೆ: ಒಂದು, ನಾಲ್ಕು, ಐದು ಎಂದರೆ ನಮ್ಮ ಷಡ್ಜ, ಮಧ್ಯಮ, ಪಂಚಮಗಳ ಮೇಲೆ ನಿಂತ ಕಾರ್ಡ್‌ಗಳು. ಶ್ರುತಿ ಯಾವುದಾದರೇನು, ಲೆಕ್ಕ ಬದಲಾಗುವುದಿಲ್ಲ. ಗಿಟಾರಿನ ಕುತ್ತಿಗೆಗೆ ಕೇಪೋ ಬಿಗಿಯುವುದೂ ಹೆಚ್ಚಾಗಿ ಇದೇ ಉದ್ದೇಶಕ್ಕೆ. ಬೆರಳಿನ ಹಿಡಿತ ಹಾಗೆಯೇ ಇದ್ದು ಶ್ರುತಿ ಮಾತ್ರ ಮೇಲೇರುತ್ತದೆ.

ಇಬ್ಬರ ಕಂಠ ಕೂಡುವ ಕ್ಷಣಕ್ಕೂ ಅತಿಥಿಗಳ ಕಿವಿಯನ್ನು ಸಿದ್ಧಪಡಿಸಿಡಿ. ನಮ್ಮಲ್ಲಿ ಜೊತೆಗೆ ಹಾಡುವವರು ಅದೇ ಸ್ವರವನ್ನು ಹಾಡುತ್ತಾರೆ. ಇಲ್ಲಿ ಎರಡನೆಯವರು ಬಹುತೇಕ ಮೂರನೆಯ ಸ್ವರದಷ್ಟು ಮೇಲೆ, ಅದೇ ಮಾತುಗಳನ್ನು ಅದೇ ಗಳಿಗೆಯಲ್ಲಿ ಹಾಡುತ್ತಾರೆ. ಮೊದಲ ಎರಡು ಚರಣಗಳಲ್ಲಿ ಸುಮ್ಮನಿದ್ದು ಪಲ್ಲವಿಯಲ್ಲಿ ಮಾತ್ರ ಸೇರುವವರೇ ಹೆಚ್ಚು. ಕಥೆ ಹೇಳುವ ಚರಣ ಒಬ್ಬರದೇ ದನಿಯಾಗಿರಲಿ ಎಂಬ ವಿವೇಕ ಅದರಲ್ಲಿದೆ.

ಹಾಡುಗಳ ನಡುವೆ ಶ್ರುತಿ ಸರಿಮಾಡಿಕೊಳ್ಳುತ್ತ ಅವರು ಆಡುವ ಮಾತು ಕಚೇರಿಯ ಅರ್ಧ ಬೆಲೆಯದು. ಹಾಡು ಯಾವ ಊರಿನ ಯಾವ ಅಡುಗೆಮನೆಯಲ್ಲಿ ಹುಟ್ಟಿತು, ಯಾರಿಗಾಗಿ ಬರೆದದ್ದು ಎಂಬುದೆಲ್ಲ ಆಗ ಹೊರಬರುತ್ತದೆ. ಆ ಹೊತ್ತನ್ನು ತುಂಬಲೆಂದು ಪ್ರೇಕ್ಷಕರ ಕಡೆಯಿಂದ ಬೇಡಿಕೆಗಳನ್ನು ಕೂಗುವುದು ಬೇಡ. ಪ್ರಶ್ನೆಗಳಿದ್ದರೆ ಎರಡನೆಯ ಭಾಗದ ಆರಂಭದಲ್ಲಿ ಹತ್ತು ನಿಮಿಷ ಇಟ್ಟುಕೊಳ್ಳಬಹುದು.

ವಿರಾಮ ಮತ್ತು ಅನಂತರ

ವಿರಾಮದಲ್ಲಿ ಕಾಫಿ ಮತ್ತು ಚಕ್ಕುಲಿಯ ಪಕ್ಕದಲ್ಲೇ ಹಾಡುಗಾರರ ಸಿಡಿ, ರೆಕಾರ್ಡ್, ಅಂಗಿಗಳ ಮೇಜು ಇರಲಿ, ಅದನ್ನು ನೋಡಿಕೊಳ್ಳಲು ನಿಮ್ಮ ಮನೆಯ ಹುಡುಗರಲ್ಲಿ ಒಬ್ಬರನ್ನು ಕೂರಿಸಿ. ಸ್ಟ್ರೀಮಿಂಗ್‌ನಲ್ಲಿ ಒಂದು ಹಾಡನ್ನು ಒಮ್ಮೆ ಕೇಳಿದರೆ ಬರುವುದು ಒಂದು ಸೆಂಟ್‌ಗಿಂತಲೂ ಕಡಿಮೆ. ಒಂದು ರೆಕಾರ್ಡ್ ಕೊಂಡರೆ ಮುಂದಿನ ಊರಿನ ಪೆಟ್ರೋಲಿಗಾಗುತ್ತದೆ. ಇದನ್ನು ಸಂಕೋಚವಿಲ್ಲದೆ ಅತಿಥಿಗಳಿಗೆ ಹೇಳಿ. ಬುಟ್ಟಿಯನ್ನು ಎರಡನೆಯ ಭಾಗ ಶುರುವಾಗುವ ಮುನ್ನ ಒಮ್ಮೆ ಕೈಯಿಂದ ಕೈಗೆ ಸಾಗಿಸಿ.

ಎಲ್ಲರೂ ಹೋದ ಮೇಲೆ, ಊಟಕ್ಕೆ ಕೂರುವ ಮೊದಲೇ ಹಣವನ್ನು ಎಣಿಸಿ, ಎಷ್ಟೆಂದು ತಿಳಿಸಿ, ಇಬ್ಬರಿಗೂ ಪ್ರತ್ಯೇಕ ಲಕೋಟೆಯಲ್ಲಿ ಕೊಡಿ. ಅವರಾಗಿ ಕೇಳುವಂತೆ ಆಗಬಾರದು. ಫ್ರಿಜ್ಜನ್ನು ಮತ್ತೆ ಹಚ್ಚಿ, ಕಾರಿನ ಕೀಲಿಯನ್ನು ತೆಗೆದುಕೊಳ್ಳಿ. ರಾತ್ರಿ ನಿಮ್ಮಲ್ಲಿಯೇ ತಂಗುವವರಾದರೆ ಬೆಳಿಗ್ಗೆ ಎಷ್ಟಕ್ಕೆ ಹೊರಡುವರೆಂದು ಕೇಳಿಟ್ಟುಕೊಂಡು, ದಾರಿಗೆ ಇಡ್ಲಿಯನ್ನೋ ಚಿತ್ರಾನ್ನವನ್ನೋ ಕಟ್ಟಿಕೊಡಿ. ನಮ್ಮ ಮನೆಗೆ ಎರಡನೆಯ ಸಲ ಬರುವುದಾಗಿ ಪತ್ರ ಬರೆದ ಹಾಡುಗಾರರೊಬ್ಬರು ತಾರೀಖು ಕೇಳುವ ಮೊದಲು ಕೇಳಿದ್ದು ಆ ಚಿತ್ರಾನ್ನದ ಬಗ್ಗೆ.